ಚಕ್ರದ ಮೇಲೊಂದು ಒಲೆ

ನಮ್ಮ ದೊಡ್ಡಪ್ಪನ ಮೇಲಿನ ಸಿಟ್ಟಿಗೆ ನಾನೊಂದು ಗಾಡಿ ಕಟ್ಟಿದೆ. ಸಿಟ್ಟು ಬಂದರೆ ಜನ ಕೋರ್ಟಿಗೆ ಹೋಗುತ್ತಾರೆ, ಬೇಲಿ ಕೀಳುತ್ತಾರೆ, ಇಲ್ಲವೇ ಮಾತು ಬಿಟ್ಟು ಸುಮ್ಮನಾಗುತ್ತಾರೆ. ನನಗೆ ಗೊತ್ತಿದ್ದದ್ದು ಕಬ್ಬಿಣದ ಕೆಲಸ ಒಂದೇ. ತುಮಕೂರಿನ ಹತ್ತಿರ ಹಿರೇಹಳ್ಳಿಯ ಒಂದು ಶೆಡ್ಡಿನಲ್ಲಿ ಗೇಟು, ಗ್ರಿಲ್ಲು ವೆಲ್ಡಿಂಗ್ ಮಾಡುವ ಫಿಟ್ಟರ್ ಆಗಿದ್ದೆ. ಹಾಗಾಗಿ ನನ್ನ ಸಿಟ್ಟೂ ಕಬ್ಬಿಣವಾಗಿಯೇ ಹೊರಗೆ ಬಂತು. ಎಪ್ಪತ್ತರ ದಶಕ ಮುಗಿದು ಎಂಬತ್ತು ಶುರುವಾಗುವ ಹೊತ್ತಿನ ಮಾತು ಇದು.

ಸಿಟ್ಟಿಗೆ ಕಾರಣ ಒಂದು ಗುಡ್ಡೆ ಬಾಡು. ನಗುವವರು ಈಗಲೇ ನಕ್ಕು ಮುಗಿಸಲಿ, ಆಮೇಲೆ ನನಗೆ ಅಡ್ಡ ಬರಬಾರದು.

ನಮ್ಮೂರು ಅಮೃತೂರಿನಿಂದ ಒಳಗೆ, ಬಸ್ಸು ಹೋಗದ ಕಡೆ ಇದೆ. ಅಲ್ಲಿ ಯುಗಾದಿಯ ಮಾರನೇ ದಿನ ಹೊಸತೊಡಕು. ಹಬ್ಬದ ಒಬ್ಬಟ್ಟು ದೇವರಿಗೆ, ಮಾರನೇ ದಿನದ ಬಾಡು ನಮಗೆ. ಊರೊಟ್ಟಿನಲ್ಲಿ ಮರಿ ಕೊಯ್ದು, ಕೆರೆ ಏರಿಯ ಕೆಳಗಿನ ಹೊಂಗೆಮರದಡಿ ತೆಂಗಿನ ಗರಿ ಹರಡಿ, ಮೇಲೆ ಬಾಳೆಲೆ ಹಾಸಿ, ಮಾಂಸವನ್ನು ಗುಡ್ಡೆ ಹಾಕುತ್ತಾರೆ. ತಕ್ಕಡಿ ಇಲ್ಲ, ಎಲ್ಲ ಕಣ್ಣಳತೆ. ತೊಡೆ, ಪಕ್ಕೆ, ಈಲಿ, ಬೋಟಿ, ಮೂಳೆ ಎಲ್ಲವೂ ಎಲ್ಲ ಗುಡ್ಡೆಗೂ ಬರಬೇಕು. ಆಮೇಲೆ ಊರಿನ ಒಬ್ಬ ಹಿರಿಯ ಗುಡ್ಡೆಗಳಿಗೆ ಬೆನ್ನು ಹಾಕಿ ನಿಲ್ಲುತ್ತಾನೆ. ಇನ್ನೊಬ್ಬ ಒಂದು ಗುಡ್ಡೆ ಮುಟ್ಟಿ ‘ಇದ್ಯಾರ್ಗೆ?’ ಅಂತಾನೆ. ಬೆನ್ನು ಹಾಕಿದವನು ಗುಡ್ಡೆ ನೋಡದೆ ಒಂದು ಮನೆಯ ಹೆಸರು ಕೂಗುತ್ತಾನೆ. ಯಾರ ಪಾಲಿಗೆ ಯಾವುದು ಬಂತೋ ಅದು, ಮಾತಿಲ್ಲ. ಹಾಗೆ ಬೆನ್ನು ಹಾಕಿ ಕೂಗುವ ಹಿರಿತನ ನಮ್ಮ ದೊಡ್ಡಪ್ಪನದಾಗಿತ್ತು.

ಊರಿಗೆಲ್ಲ ಅವನು ನ್ಯಾಯಸ್ಥ. ಯಾರ ಮನೆ ಜಗಳಕ್ಕೂ ಹೋಗಿ ಸಮ ಮಾಡಿ ಬರುತ್ತಿದ್ದ. ಮನೆಗೆ ಮಾರಿ, ಊರಿಗೆ ಉಪಕಾರಿ ಅನ್ನುತ್ತಾರಲ್ಲ, ಆ ಜಾತಿ. ಅಪ್ಪ ಅವನ ಬೆನ್ನಿಗೆ ಹುಟ್ಟಿದ ತಮ್ಮ. ಮನೆ ಪಾಲಾದಾಗ ಬೀದಿ ಕಡೆಯದು ದೊಡ್ಡಪ್ಪನಿಗೆ, ಹಿಂದಿನ ಎರಡು ಅಂಕಣ ನಮಗೆ. ಊರಲ್ಲಿ ಅವರದು ಮುಂದ್ಲಮನೆ, ನಮ್ಮದು ಹಿಂದ್ಲಮನೆ. ನಾನು ಚಿಕ್ಕವನಿದ್ದಾಗ ಅಪ್ಪ ತುಮಕೂರಿನ ಒಂದು ಎಣ್ಣೆಮಿಲ್ಲಿಗೆ ಕೆಲಸಕ್ಕೆ ಸೇರಿದ. ಹಿಂದ್ಲಮನೆಗೆ ಬೀಗ ಹಾಕಿ, ‘ಗಾಳಿಯಾಡ್ಲಿ, ಆಗಾಗ ತೆಗೀತಿರು ಅಣ್ಣಯ್ಯ’ ಅಂತ ಬೀಗದ ಕೈ ಅವನಿಗೇ ಕೊಟ್ಟು ಬಂದ. ನಮ್ಮಪ್ಪನಿಗೆ ಯಾರನ್ನು ನಂಬಬೇಕು ಅನ್ನುವುದು ಕೊನೆಯವರೆಗೂ ಗೊತ್ತಾಗಲಿಲ್ಲ.

ಊರು ಬಿಟ್ಟರೂ ಅಪ್ಪ ಹೊಸತೊಡಕು ಬಿಡಲಿಲ್ಲ. ಪ್ರತಿ ವರ್ಷ ಮೊದಲ ಬಸ್ಸಿಗೆ ಹೊರಡುವುದು, ‘ಹಿಂದ್ಲಮನೆ’ ಅಂತ ಕೂಗಿದ ಗುಡ್ಡೆಯನ್ನು ಸಿಲ್ವಾರದ ಬೋಸಿಗೆ ತುಂಬಿಕೊಂಡು, ಮೇಲೆ ಟವೆಲ್ ಬಿಗಿದು, ಮಧ್ಯಾಹ್ನದ ಬಸ್ಸಿಗೆ ವಾಪಸ್ಸು ಬರುವುದು. ಬಾಡು ತುಮಕೂರಿನಲ್ಲೂ ಸಿಗುತ್ತಿತ್ತು, ನಮ್ಮ ಬೀದಿಯ ತುದಿಯಲ್ಲೇ ಅಂಗಡಿ. ಅಪ್ಪನಿಗೆ ಬೇಕಾದದ್ದು ಆ ಕೂಗು. ಇಡೀ ಊರಿನ ಎದುರಿಗೆ, ನೀನೂ ಈ ಊರಿನವನು ಅಂತ ವರ್ಷಕ್ಕೊಂದು ಸಲ ಯಾರಾದರೂ ಹೇಳಬೇಕಿತ್ತು. ಅವ್ವ ಇತ್ತ ಬೆಳಿಗ್ಗೆಯೇ ಮಸಾಲೆ ಅರೆದು, ಬೋಸಿ ಬರುವ ದಾರಿ ನೋಡುತ್ತಿದ್ದಳು.

ಆ ವರ್ಷ ನಾನೂ ಜೊತೆಗೆ ಹೋಗಿದ್ದೆ. ದೊಡ್ಡಪ್ಪ ಎಂದಿನಂತೆ ಟವೆಲ್ ಹೆಗಲಿಗೆ ಹಾಕಿ ಬೆನ್ನು ತಿರುಗಿಸಿ ನಿಂತ. ಗುಡ್ಡೆ ಹಾಕಿದ್ದವನು ಕಟ್ಟೆಮನೆ ಅಜ್ಜ, ಹಲ್ಲಿಲ್ಲದ ಮುದುಕ. ಅವನು ಮುಟ್ಟುತ್ತಾ ಹೋದ, ಇವನು ಕೂಗುತ್ತಾ ಹೋದ. ಬೇವಿನಮರದ ಮನೆ, ಮೇಗಲಬೀದಿ ಮನೆ, ಮುಂದ್ಲಮನೆ. ಒಂದೊಂದೇ ಎಲೆ ಖಾಲಿಯಾಯಿತು. ಅಪ್ಪ ಬೋಸಿ ಹಿಡಿದು ಒಂದು ಹೆಜ್ಜೆ ಮುಂದೆ ನಿಂತಿದ್ದ. ಕೊನೆಯ ಗುಡ್ಡೆಯೂ ಎದ್ದು ಹೋಯಿತು. ಕೂಗುವುದು ಮುಗಿಯಿತು, ನಮ್ಮ ಹೆಸರು ಬರಲಿಲ್ಲ. ಮರೆತಿರಬೇಕು ಅಂತ ಅಪ್ಪ ನಕ್ಕ.

‘ಅಣ್ಣಯ್ಯ, ನಮ್ದು?’

ದೊಡ್ಡಪ್ಪ ಆಗ ಈ ಕಡೆ ತಿರುಗಿದ. ‘ಒಲೆಗೊಂದು ಗುಡ್ಡೆ ಕಣಪ್ಪ. ಊರಲ್ಲಿ ಯಾರ ಒಲೆ ಉರೀತದೋ ಅವ್ರಿಗೆ. ನಿನ್ ಒಲೆ ತುಮ್ಕೂರಲ್ಲಿ ಉರೀತದೆ, ಅಲ್ಲೇ ಈಸ್ಕೋ.’

ಯಾರೋ ಕಿಸಕ್ಕೆಂದರು. ಯಾರೂ ಎದುರಾಡಲಿಲ್ಲ, ಅವರವರ ಬಾಡು ಅವರವರ ಕೈಗೆ ಬಂದಾಗಿತ್ತು. ಅಪ್ಪ ಖಾಲಿ ಬೋಸಿಯನ್ನು ಕಂಕುಳಿಗೆ ಸೇರಿಸಿಕೊಂಡು ಹಿಂದ್ಲಮನೆ ಕಡೆ ನಡೆದ. ಬಾಗಿಲು ಬರೀ ಎಳೆದಿತ್ತು. ಒಳಗೆ ಅಟ್ಟ ಮುಟ್ಟುವ ತನಕ ದೊಡ್ಡಪ್ಪನ ತೆಂಗಿನಕಾಯಿ. ನಮ್ಮ ಒಲೆ ಇದ್ದ ಜಾಗದಲ್ಲೂ ಕಾಯಿ. ಒಲೆಯ ಮಣ್ಣುಹೆಂಟೆಗಳು ಹಿಂದಿನ ತಿಪ್ಪೆಯಲ್ಲಿ ಬಿದ್ದಿದ್ದವು, ಒಂದು ಕಡೆ ಇನ್ನೂ ಮಸಿ ಹಾಗೇ ಇತ್ತು. ಆಗ ನನಗೆ ಲೆಕ್ಕ ತಿಳಿಯಿತು. ಒಲೆ ಇಲ್ಲದಿದ್ದರೆ ಗುಡ್ಡೆ ಇಲ್ಲ. ಗುಡ್ಡೆ ಇಲ್ಲದಿದ್ದರೆ ಹಿಂದ್ಲಮನೆ ಅನ್ನುವ ಹೆಸರಿಲ್ಲ. ಹೆಸರಿಲ್ಲದ ಮನೆಯಲ್ಲಿ ಯಾರ ಕಾಯಿ ಬೇಕಾದರೂ ಇರಬಹುದು. ಅಪ್ಪ ತಿಪ್ಪೆಯನ್ನೇ ಸ್ವಲ್ಪ ಹೊತ್ತು ನೋಡಿ, ‘ನಡಿ, ಬಸ್ಸಿಗೆ ಹೊತ್ತಾಯ್ತು’ ಅಂದ.

ಬಸ್ಸಿನಲ್ಲಿ ಅವನು ಬೋಸಿಯ ಮೇಲೆ ಟವೆಲ್ ಬಿಗಿದು ತೊಡೆಯ ಮೇಲಿಟ್ಟುಕೊಂಡಿದ್ದ, ಒಳಗೇನೋ ಇರುವಂತೆ. ಕುಣಿಗಲ್‌ನಲ್ಲಿ ಹತ್ತಿದ ಗುರುತಿನವರೊಬ್ಬರು ‘ಏನು, ಜೋರಾ ಹೊಸತೊಡಕು?’ ಅಂದರು. ‘ಹೂಂ, ಜೋರು’ ಅಂದ. ಮನೆಗೆ ಬಂದಾಗ ಅವ್ವ ಒರಳಿನಿಂದ ಮಸಾಲೆ ಬಳಿದು ಪಾತ್ರೆಗೆ ತೆಗೆದಿಟ್ಟಿದ್ದಳು. ಟವೆಲ್ ಬಿಚ್ಚಿದಳು. ಆ ಮಸಾಲೆಗೆ ಆಲೂಗಡ್ಡೆ ಹೆಚ್ಚಿ ಹಾಕಿದಳು. ಹೊಸತೊಡಕಿನ ದಿನ ಚಕ್ಕೆ ಲವಂಗದ ಆಲೂಗಡ್ಡೆ ಸಾರಿನಲ್ಲಿ ಮುದ್ದೆ ಮುರಿಯುವ ಅಪ್ಪನ ಬೆರಳು ನೋಡಿ ನನಗೆ ಕಣ್ಣು ಉರಿಯಿತು. ದೊಡ್ಡಪ್ಪನ ಬಾಯಿಂದಲೇ ‘ಹಿಂದ್ಲಮನೆ’ ಅನ್ನಿಸದಿದ್ದರೆ ನಾನು ನಮ್ಮಪ್ಪನಿಗೆ ಹುಟ್ಟಿದವನಲ್ಲ ಅಂತ ಅವತ್ತು ಅಂದುಕೊಂಡೆ.

ಅವ್ವ ನನ್ನ ಮುಖ ಓದಿದಳು. ‘ತಾಳಿದವನು ಬಾಳಿಯಾನು ಕಣೋ’ ಅಂದಳು. ತಾಳಿದವನು ಆಲೂಗಡ್ಡೆ ತಿಂದಾನು ಅಂತ ನಾನೆಂದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅನ್ನುವುದೂ ಗಾದೆಯೇ ಅಲ್ಲವೇ. ನಮ್ಮದು ಒಂದು ಗುಡ್ಡೆ ಬಾಡಿಗೆ ಹೋಗಿತ್ತು.

ನಮ್ಮ ಹಿತ್ತಲಲ್ಲಿ ಅದಕ್ಕೆ ಮೊದಲೇ ಒಂದು ಡ್ರಮ್ಮು ಇತ್ತು. ಅದು ಬಂದದ್ದು ಉಪ್ಪುಕಂಡಕ್ಕೆ. ಉಪ್ಪು, ಅರಿಶಿನ ಹಚ್ಚಿ ಒಣಗಿಸಿದ ಬಾಡನ್ನು ಊರಲ್ಲಿ ದಾರಕ್ಕೆ ಪೋಣಿಸಿ ಒಲೆಯ ಮೇಲೆ ಕಟ್ಟುತ್ತಿದ್ದರು. ಹೊಗೆ ಕುಡಿದು ಕುಡಿದು ಅದು ಕಪ್ಪಗಾಗಿ, ಮಳೆಗಾಲಕ್ಕೆ ಒದಗುತ್ತಿತ್ತು. ತುಮಕೂರಿನ ಬಾಡಿಗೆ ಮನೆಯಲ್ಲಿ ಸೀಮೆಎಣ್ಣೆ ಸ್ಟೌವು, ಹೊಗೆಯೆಲ್ಲಿ ಬರಬೇಕು? ಅಪ್ಪನ ನಾಲಗೆ ಆ ರುಚಿಗೆ ಒದ್ದಾಡುತ್ತಿತ್ತು. ರಸ್ತೆ ಕೆಲಸದವರು ಬಿಟ್ಟುಹೋದ ಡಾಂಬರು ಡ್ರಮ್ಮೊಂದನ್ನು ತಂದು, ಒಳಗಿನ ಡಾಂಬರು ಹೋಗುವಂತೆ ಸುಟ್ಟು ಕೆರೆದೆ. ಅಡ್ಡ ಮಲಗಿಸಿ, ಉದ್ದಕ್ಕೆ ಸೀಳಿ, ಮೇಲಿನ ಅರ್ಧವನ್ನು ತಿರುಗಣಿ ಹಾಕಿ ಮುಚ್ಚಳ ಮಾಡಿದೆ. ಒಂದು ತುದಿಗೆ ಹೊಗೆ ಹೋಗಲು ಪೈಪು. ಕೆಳಗೆ ತೆಂಗಿನ ಚಿಪ್ಪಿನ ಇದ್ದಿಲು, ಮೇಲೆ ಸರಳಿನ ಜಾಲರಿ, ಅದರ ಮೇಲೆ ಬಾಡು. ಇದ್ದಿಲು ಹೊತ್ತಿಕೊಂಡ ಮೇಲೆ ಒಂದು ಹಿಡಿ ಒದ್ದೆ ನಾರು ಎಸೆದು ಮುಚ್ಚಿದರೆ, ಒಳಗೆ ಹೊಗೆ ಕಟ್ಟಿಕೊಳ್ಳುತ್ತಿತ್ತು. ಮೊದಲ ಸಲದ ಉಪ್ಪುಕಂಡ ರಸ್ತೆ ನೆಕ್ಕಿದಂತಿತ್ತು. ಆಮೇಲಾಮೇಲೆ ಸರಿಹೋಯಿತು. ಪೈಪು ನೋಡಿ ಅವ್ವ ಅದಕ್ಕೆ ರೈಲಿಂಜಿನ್ನು ಅನ್ನುತ್ತಿದ್ದಳು.

ಮೂರು ಕಲ್ಲಿನ ಮೇಲೆ ಕೂತಿದ್ದ ಆ ಡ್ರಮ್ಮಿನ ಮುಂದೆ ಒಂದು ಸಂಜೆ ಕೂತಿದ್ದಾಗ ದೊಡ್ಡಪ್ಪನ ಮಾತು ಮತ್ತೆ ಕಿವಿಯಲ್ಲಿ ಕುಟುಕಿತು. ಊರಲ್ಲಿ ಯಾರ ಒಲೆ ಉರೀತದೋ ಅವ್ರಿಗೆ. ಸರಿ, ಒಲೆ ತಾನೇ? ಉರಿಯುವ ಒಲೆಯನ್ನೇ ಊರೊಳಗೆ ಉರುಳಿಸಿಕೊಂಡು ಹೋದರೆ? ಅವನ ಕಾನೂನನ್ನು ಅವನ ಬಾಯಿಗೇ ತುರುಕಿದರೆ? ಅವತ್ತು ನನಗೆ ಬಹಳ ದಿನಗಳ ಮೇಲೆ ಹೊಟ್ಟೆತುಂಬ ಹಸಿವಾಯಿತು.

ಗಾಡಿಯ ಕೆಲಸ ಮಳೆಗಾಲದಲ್ಲಿ ಶುರುವಾಯಿತು. ಶೆಡ್ಡಿನಲ್ಲಿ ಉಳಿದ ಆಂಗಲ್ ಕಬ್ಬಿಣದ ತುಂಡುಗಳನ್ನು ಮೇಸ್ತ್ರಿಗೆ ಹೇಳಿಯೇ ತಂದೆ. ಚೌಕಟ್ಟು ಕಟ್ಟಿ, ಹಳೇ ಬೇರಿಂಗ್‌ಗಳನ್ನು ಚಕ್ರ ಮಾಡಿ ಡ್ರಮ್ಮು ಕೂರಿಸಿದರೆ, ಹಿತ್ತಲ ಮಣ್ಣಿನಲ್ಲಿ ಹೂತುಕೊಂಡು ಒಂದು ಗೇಣೂ ಮುಂದೆ ಹೋಗಲಿಲ್ಲ. ಬೇರಿಂಗು ಸಿಮೆಂಟು ನೆಲಕ್ಕೆ ಸರಿ, ನಮ್ಮೂರ ಮಣ್ಣಿಗಲ್ಲ. ದೊಡ್ಡ ಚಕ್ರ ಹುಡುಕಿಕೊಂಡು ಒಂದು ಭಾನುವಾರ ಗುಬ್ಬಿಗೆ ಹೋದೆ. ಅಲ್ಲಿ ಗುಜರಿ ಅಂಗಡಿಯ ಹಿಂದೆ ಐಸ್‌ಕ್ಯಾಂಡಿ ಗಾಡಿಯೊಂದು ಪೆಟ್ಟಿಗೆ ಕಳೆದುಕೊಂಡು ಬಿದ್ದಿತ್ತು. ಚಕ್ರ ಎರಡೂ ಗಟ್ಟಿ, ದಪ್ಪ ಕಡ್ಡಿ, ತುಂಬು ರಬ್ಬರಿನ ಟೈರು. ಅವನ್ನು ರೈಲಿನಲ್ಲಿ ತರುವಾಗ ಎದುರಿಗೆ ಕೂತಿದ್ದ ಹೆಂಗಸು ‘ಯಾವ ಯಾಪಾರಕ್ಕಪ್ಪಾ?’ ಅಂತ ಕೇಳಿದಳು. ಬಾಡಿನ ವ್ಯಾಪಾರ ಅಂದೆ. ಅವಳು ಕಾಲು ಮಡಚಿಕೊಂಡು ಆಚೆ ಸರಿದಳು.

ಎರಡು ಚಕ್ರ ಸೇರಿಸುವ ಅಚ್ಚನ್ನು ಶೆಡ್ಡಿನ ಲೇತಿನಲ್ಲಿ ಕಡೆದೆ. ಅಗಲ ಎಷ್ಟಿರಬೇಕು? ನಮ್ಮ ಹಿತ್ತಲಿಂದ ಬೀದಿಗೆ ಬರಲು ಎರಡು ಗೋಡೆಗಳ ನಡುವೆ ಒಂದು ಓಣಿ. ಆ ಓಣಿಯಲ್ಲಿ ಹಿಡಿಸುವಷ್ಟು ಅಂತ ಅಳೆದೆ. ಮೊದಲು ಚಕ್ರಗಳನ್ನು ಒಂದು ತುದಿಗೆ ಹಾಕಿದ್ದೆ, ಎತ್ತಿದರೆ ಭಾರವೆಲ್ಲ ನನ್ನ ರಟ್ಟೆಗೇ ಬಿತ್ತು. ಬಿಚ್ಚಿ ನಡುವಿಗೆ ತಂದೆ. ಡ್ರಮ್ಮಿಗೂ ಚೌಕಟ್ಟಿಗೂ ನಡುವೆ ಇಟ್ಟಿಗೆ ಚೂರು ಕೂರಿಸಿ ಜೇಡಿಮಣ್ಣು ಮೆತ್ತಿದೆ. ಹಳೇ ಏಣಿಯ ಎರಡು ಕಾಲು ಹಿಡಿಕೆಯಾದವು. ಉರಿ ಹಾಕಿ ನೋಡಿದಾಗ ಬೂದಿಕಿಂಡಿಯಿಂದ ಕೆಂಡ ಉದುರಿ ಟೈರು ಸುಟ್ಟು ಇಡೀ ವಠಾರ ಮೂಗು ಮುಚ್ಚಿಕೊಂಡಿತು. ತಗಡು ಬಗ್ಗಿಸಿ ಚಕ್ರದ ಮೇಲೆ ಮರೆ ಕಟ್ಟಿದೆ. ಪ್ರತಿ ಬೋಲ್ಟು ಬಿಗಿಯುವಾಗಲೂ ಒಂದೇ ಬೆನ್ನು ಕಣ್ಣ ಮುಂದೆ ಇರುತ್ತಿತ್ತು. ಕೆಲಸ ಅಷ್ಟು ಚೆನ್ನಾಗಿ ಬರಲು ಅದೇ ಕಾರಣ ಇರಬೇಕು.

ನಡುವೆ ಆ ದೊಡ್ಡಪ್ಪನೇ ಮನೆಗೆ ಬಂದ. ಕಣ್ಣಿನ ಡಾಕ್ಟರಿಗೆ ತೋರಿಸಬೇಕಿತ್ತಂತೆ. ಅಪ್ಪ ಬಸ್‌ಸ್ಟ್ಯಾಂಡಿಗೆ ಹೋಗಿ ಕರೆದುಕೊಂಡು ಬಂದ, ತಾನು ನೆಲದಲ್ಲಿ ಮಲಗಿ ಮಂಚ ಬಿಟ್ಟುಕೊಟ್ಟ. ಅವ್ವ ನಮ್ಮ ಉಪ್ಪುಕಂಡ ಹುರಿದು ಬಡಿಸಿದಳು. ‘ಊರ ರುಚಿನೇ ಕಣಮ್ಮಿ’ ಅಂತ ಅವನು ಮತ್ತೆ ಹಾಕಿಸಿಕೊಂಡ. ಉಂಡ ಮನೆಗೆ ಎರಡು ಬಗೆಯುವವರು ಊಟ ಚೆನ್ನಾಗಿಯೇ ಮಾಡುತ್ತಾರೆ. ಕೈ ತೊಳೆಯಲು ಹಿತ್ತಲಿಗೆ ಬಂದವನು ಗಾಡಿ ನೋಡಿದ.

‘ಏನ್ಲಾ ಇದು, ಇಸ್ತ್ರಿ ಗಾಡಿನಾ?’

‘ಹೂಂ ದೊಡ್ಡಪ್ಪ. ನಮ್ ಕಡೆ ಕೆಲವ್ರಿಗೆ ಸುಕ್ಕು ಜಾಸ್ತಿ ಆಗದೆ, ತೆಗೀಬೇಕು’ ಅಂದೆ.

ಅವನು ತಲೆಯಾಡಿಸಿ ‘ಒಳ್ಳೇ ಕಸುಬು’ ಅಂದ. ಅಪ್ಪ ಬಾಗಿಲಲ್ಲಿ ನಿಂತು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದ. ಅಣ್ಣನನ್ನು ಬಸ್ಸು ಹತ್ತಿಸಿ ಬಂದವನು ‘ನಿನ್ ತಲೇಲಿ ಏನದೆ ಅಂತ ನಂಗೊತ್ತು. ಬುಡು. ಅಣ್ತಮ್ಮಂದ್ರು ಅಂದ್ಮೇಲೆ ಇರ್ತದೆ’ ಅಂದ. ಆದರೆ ಅವತ್ತಿನಿಂದ ಅವನೂ ಸಂಜೆ ಹೊತ್ತು ಗಾಡಿಯ ಹತ್ತಿರ ಬಂದು ಚಕ್ರ ತಿರುಗಿಸಿ ನೋಡುತ್ತಿದ್ದ. ಒಂದು ದಿನ ನಾನು ಕೆಲಸದಿಂದ ಬಂದಾಗ ಅಚ್ಚಿಗೆ ಹರಳೆಣ್ಣೆ ಹಾಕಿತ್ತು. ನಾನು ಹಾಕಿರಲಿಲ್ಲ.

ಹೊಸತೊಡಕಿನ ದಿನ ಅಪ್ಪ ಬೋಸಿ ಒರೆಸಿ ತಾನಾಗಿಯೇ ಹೊರಟು ನಿಂತ. ಅವ್ವ ಮಸಾಲೆಗೆ ಮೆಣಸಿನಕಾಯಿ ಹುರಿಯುತ್ತಿದ್ದಳು. ‘ಈ ಸಲಾನೂ ಆಲೂಗಡ್ಡೆಗಾದ್ರೆ ನಾನೇ ಬತ್ತೀನಿ ಊರಿಗೆ’ ಅಂತ ನನಗೆ ಮಾತ್ರ ಕೇಳುವಂತೆ ಹೇಳಿದಳು. ತಾಳುವವಳ ಮಾತು ಇದು.

ಡ್ರಮ್ಮು ಬೇರೆ, ಗಾಡಿ ಬೇರೆ ಮಾಡಿ ಖಾಸಗಿ ಬಸ್ಸಿನ ಟಾಪಿಗೆ ಏರಿಸಿದೆವು. ಕಂಡಕ್ಟರ್ ‘ಏನಪ್ಪಾ ಇದು, ಬಾಯ್ಲರ್ ಏನಾದ್ರೂ ಹೊಡೀತದಾ?’ ಅಂದ. ಹೊಡೆಯುತ್ತೆ, ಆದರೆ ಅಮೃತೂರು ದಾಟಿದ ಮೇಲೆ ಅಂದೆ. ಅಮೃತೂರಿನಲ್ಲಿ ಇಳಿಸಿ, ಬೋಲ್ಟು ಬಿಗಿದು, ಬಸ್‌ಸ್ಟಾಪಿನ ಹಿಂದೆಯೇ ಇದ್ದಿಲು ಹೊತ್ತಿಸಿದೆ. ಒಲೆ ಊರೊಳಗೆ ಹೋಗುವಾಗ ಉರಿಯುತ್ತಲೇ ಹೋಗಬೇಕು, ಅಲ್ಲಿ ಹೋಗಿ ಹೊತ್ತಿಸಿದೆವು ಅನ್ನುವ ಮಾತು ಬರಬಾರದು. ಟಾರು ರಸ್ತೆಯಲ್ಲಿ ಗಾಡಿ ಒಂದು ಕೈಯಲ್ಲಿ ತಳ್ಳಿದರೂ ಓಡಿತು. ನನಗೆ ಶಿಳ್ಳೆ ಹಾಕಬೇಕೆನ್ನಿಸಿತು.

ಊರ ಕಡೆ ತಿರುಗುವ ಗಾಡಿದಾರಿಗೆ ಇಳಿದ ಕೂಡಲೇ ಶಿಳ್ಳೆ ಒಣಗಿತು. ಎತ್ತಿನ ಗಾಡಿಗಳು ಓಡಾಡಿ ದಾರಿಯಲ್ಲಿ ಎರಡು ಆಳವಾದ ಜಾಡು, ನಡುವೆ ದಿಬ್ಬ. ನನ್ನ ಗಾಡಿಯ ಅಗಲ ಎತ್ತಿನ ಗಾಡಿಯ ಅರ್ಧ. ಒಂದು ಚಕ್ರ ಜಾಡಿನಲ್ಲಿ ಇಳಿದರೆ ಇನ್ನೊಂದು ದಿಬ್ಬದ ಮೇಲೆ. ಇಡೀ ಡ್ರಮ್ಮು ಒಂದು ಪಕ್ಕಕ್ಕೆ ವಾಲಿ, ಕೆಂಡವೆಲ್ಲ ಗಡಗಡ ಜಾರಿ, ಮುಚ್ಚಳ ಬಾಯಿ ಬಿಟ್ಟಿತು. ದಿಬ್ಬದ ಮೇಲೆ ಎರಡೂ ಚಕ್ರ ಹತ್ತಿಸಿದರೆ ಜಾರಿ ಜಾಡಿಗೇ ಬೀಳುತ್ತಿತ್ತು. ನಾನು ಅದೇ ಜಾಡಿನಲ್ಲಿ ಹೆಜ್ಜೆ ಮುಂದೆ ಹೆಜ್ಜೆಯಿಟ್ಟು ನಡೆಯಲು ಕಲಿತವನು. ಆ ದಾರಿಯ ಅಗಲ ನನ್ನ ಕಾಲಿಗೆ ಗೊತ್ತಿತ್ತು. ಅಳತೆ ತೆಗೆಯುವ ಹೊತ್ತಿಗೆ ಮಾತ್ರ ನನಗೆ ನೆನಪಾದದ್ದು ತುಮಕೂರಿನ ಓಣಿ. ಹಾಗಾದರೆ ದೊಡ್ಡಪ್ಪ ಹೇಳಿದ್ದೇ ಸರಿಯಾಯಿತಲ್ಲ, ನಾವು ಊರಿನವರಲ್ಲ ಅನ್ನುವುದನ್ನು ನಾನೇ ಕಬ್ಬಿಣದಲ್ಲಿ ಮಾಡಿಕೊಂಡು ತಂದಂತಾಯಿತಲ್ಲ ಅಂತ ಅವಮಾನಕ್ಕೆ ಗಾಡಿಯನ್ನು ಒದ್ದೆ. ಕಾಲಿಗೆ ಚೆನ್ನಾಗಿ ಪೆಟ್ಟಾಯಿತು.

‘ಗಾಡಿ ಮಾಡೋನು ದಾರಿ ನೋಡ್ಬೇಕಲ್ಲೇನ್ಲಾ’ ಅಂದ ಅಪ್ಪ. ನಾನು ವಾಪಸ್ಸು ಹೋಗೋಣ ಅಂದೆ. ಅವನು ಬೋಸಿಯನ್ನು ನನ್ನ ಹೆಗಲಿಗೆ ಕಟ್ಟಿದ. ತನ್ನ ಟವೆಲನ್ನು ಪಕ್ಕದ ಕಾಲುವೆಯ ನೀರಿನಲ್ಲಿ ಅದ್ದಿ ಕೈಗೆ ಸುತ್ತಿಕೊಂಡು, ವಾಲಿದ ಕಡೆಯ ಚೌಕಟ್ಟನ್ನು ಹಿಡಿದು ಮೇಲಕ್ಕೆತ್ತಿದ. ಡ್ರಮ್ಮು ಸಮನಾಯಿತು. ‘ತಳ್ಳು’ ಅಂದ. ನಾನು ತಳ್ಳಿದೆ. ಬುಡು ಬುಡು ಅನ್ನುತ್ತಿದ್ದ ಮನುಷ್ಯ ಕೆಂಡದ ಪಕ್ಕದಲ್ಲಿ ಬೆವರು ಸುರಿಸುತ್ತಾ, ಒಂದು ಪಕ್ಕದ ಭಾರವನ್ನೆಲ್ಲ ಎತ್ತಿ ಹಿಡಿದು, ದಾರಿಯುದ್ದಕ್ಕೂ ಹಾಗೇ ನಡೆದ. ಎಷ್ಟೋ ಕಡೆ ನಿಂತೆವು. ಪ್ರತಿ ಸಲವೂ ಮೊದಲು ಕೈ ಹಾಕಿದವನು ಅವನೇ. ಅವನೊಳಗೆ ಅಷ್ಟು ದಿನ ಏನಿತ್ತು ಅನ್ನುವುದು ಆಗ ನನಗೆ ಗೊತ್ತಾಯಿತು.

ಹೊಂಗೆಮರದ ಹತ್ತಿರ ಹೋಗುವಷ್ಟರಲ್ಲಿ ಹೊಗೆ ನಮಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ಗುಡ್ಡೆ ಹಾಕಿ ಆಗಿತ್ತು. ದೊಡ್ಡಪ್ಪ ಬೆನ್ನು ತಿರುಗಿಸಿ ನಿಂತಿದ್ದ, ಕೂಗು ಇನ್ನೇನು ಶುರುವಾಗಬೇಕು. ಜನ ನಮ್ಮ ಕಡೆ ತಿರುಗಿದರು. ನಾನು ಗಾಡಿಯನ್ನು ಎಲೆಗಳ ಪಕ್ಕಕ್ಕೇ ತಂದು ನಿಲ್ಲಿಸಿದೆ.

‘ಹಿಂದ್ಲಮನೆ ಒಲೆ ಬಂದದೆ, ದೊಡ್ಡಪ್ಪ. ಉರೀತಾನೂ ಅದೆ. ಗುಡ್ಡೆ ಹಾಕ್ಸು.’

ಅವನು ತಿರುಗಲಿಲ್ಲ. ‘ಚಕ್ರ ಇರೋದಕ್ಕೆ ಗಾಡಿ ಅಂತಾರೆ. ಒಲೆ ಅನ್ನಲ್ಲ’ ಅಂದ.

ಜನರಲ್ಲಿ ಗುಜುಗುಜು ಎದ್ದಿತು. ಕಲ್ಲಿಟ್ಟರೂ ಒಲೆಯೇ, ಗುಂಡಿ ತೋಡಿದರೂ ಒಲೆಯೇ, ಚಕ್ರ ಇದ್ದರೆ ಯಾಕಲ್ಲ ಅಂತ ಕೆಲವರು. ನಾಳೆ ಎಲ್ಲರೂ ಒಂದೊಂದು ತಳ್ಳಿಕೊಂಡು ಬಂದರೆ ಅಂತ ಕೆಲವರು. ಕಟ್ಟೆಮನೆ ಅಜ್ಜ ಗುಡ್ಡೆಗಳ ನಡುವೆ ಕುಕ್ಕರಗಾಲಲ್ಲಿ ಕೂತೇ ಯೋಚಿಸಿದ. ‘ಹಾಲು ಉಕ್ದ್ರೆ ಒಲೆ. ಉಕ್ದೇ ಹೋದ್ರೆ ಗಾಡಿ’ ಅಂದ. ಅದಕ್ಕೆ ಯಾರೂ ಎದುರು ಹೇಳುವಂತಿರಲಿಲ್ಲ. ನಮ್ಮ ಕಡೆ ಹೊಸ ಮನೆಯಲ್ಲಿ ಒಲೆ ಹೂಡಿ ಹಾಲುಕ್ಕಿಸಿದ ಮೇಲೇ ಅದು ಮನೆ, ಅಲ್ಲಿಯವರೆಗೆ ಬರೀ ಗೋಡೆ.

ಆದರೆ ಹಾಲೆಲ್ಲಿ? ನಾನು ಬಾಡು ತುಂಬಲು ಬೋಸಿ ತಂದಿದ್ದೆನೇ ಹೊರತು ಹಾಲು ತಂದಿರಲಿಲ್ಲ. ಅಪ್ಪ ಸುಟ್ಟು ಊದಿಕೊಂಡ ಕೈ ಹಿಡಿದು ನಿಂತಿದ್ದ. ಯಾರ ಮನೆಯ ಹಾಲು ಬಂದರೂ ದೊಡ್ಡಪ್ಪನ ಕಣ್ಣು ಕೆಂಪಾಗುತ್ತೆ, ಆದ್ದರಿಂದ ಯಾರೂ ಅಲುಗಲಿಲ್ಲ. ಆಗ ಹೆಂಗಸರ ಕಡೆಯಿಂದ ಒಬ್ಬರು ಎದ್ದು ಮನೆ ಕಡೆ ಹೋದರು. ವಾಪಸ್ಸು ಬಂದಾಗ ಕೈಯಲ್ಲಿ ಮುಚ್ಚಿದ ಚೊಂಬು. ದೊಡ್ಡವ್ವ, ದೊಡ್ಡಪ್ಪನ ಹೆಂಡತಿ.

ಅವಳು ಗಂಡನ ಮುಂದಿನಿಂದಲೇ ಹಾದು ಬಂದಳು. ಜಾಲರಿಯ ಮೇಲೆ ಚೊಂಬಿಟ್ಟು, ಸೆರಗಿನಿಂದ ಕೆಂಡಕ್ಕೆ ಗಾಳಿ ಹಾಕಿದಳು. ‘ಹಿಂದ್ಲಮನೆ ಒಲೇಲಿ ನಾನೂ ನಮ್ ವಾರ್ಗಿತ್ತಿನೂ ಸೇರಿ ಅಡುಗೆ ಮಾಡಿದ್ದೋ. ಒಡೀವಾಗ ಬ್ಯಾಡ ಅಂದೆ, ಕೇಳ್ಲಿಲ್ಲ’ ಅಂದಳು. ಯಾರಿಗೆ ಹೇಳಿದಳೋ, ಎಲ್ಲರಿಗೂ ಕೇಳಿಸಿತು. ಚಿಪ್ಪಿನ ಇದ್ದಿಲ ಕಾವು ಬಲು ಜೋರು. ಹಾಲು ಸುಳಿಯೆದ್ದು, ನೊರೆಯಾಗಿ, ಚೊಂಬಿನ ಬಾಯಿ ದಾಟಿ ಕೆಂಡದ ಮೇಲೆ ಚೊರ್ರೆಂದು ಸುರಿಯಿತು. ಹೆಂಗಸರು ಕೈ ಮುಗಿದರು. ಅಜ್ಜ ಎದ್ದು ಒಂದೊಂದು ಗುಡ್ಡೆಯಿಂದಲೂ ಚೂರು ಚೂರು ತೆಗೆದು ಹೊಸ ಎಲೆಯ ಮೇಲೆ ಇನ್ನೊಂದು ಗುಡ್ಡೆ ಮಾಡಿದ.

ಕೂಗು ಶುರುವಾಯಿತು. ದೊಡ್ಡಪ್ಪ ಎಲ್ಲರ ಹೆಸರೂ ಹೇಳಿದ. ಕೊನೆಗೆ ಒಂದೇ ಗುಡ್ಡೆ, ಒಂದೇ ಮನೆ ಉಳಿಯಿತು. ಅಜ್ಜ ಅದನ್ನು ಮುಟ್ಟಿ ‘ಇದ್ಯಾರ್ಗೆ?’ ಅಂದ. ಮಾತಿಲ್ಲ. ‘ಇದ್ಯಾರ್ಗಪ್ಪಾ?’ ನಾನು ಆ ಬೆನ್ನನ್ನೇ ನೋಡುತ್ತಿದ್ದೆ. ವರ್ಷವಿಡೀ ನಾನು ಕಾದದ್ದು ಆ ಒಂದು ಮಾತಿಗೆ. ದೊಡ್ಡಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, ತಿರುಗಿಯೂ ನೋಡದೆ, ಏರಿಯ ಮೇಲೆ ಹತ್ತಿ ಮನೆ ಕಡೆ ನಡೆದುಬಿಟ್ಟ. ಅಜ್ಜನೇ ಬೊಚ್ಚುಬಾಯಲ್ಲಿ ‘ಹಿಂದ್ಲಮನೆಗೆ’ ಅಂದ. ಅಪ್ಪ ಬೋಸಿ ಹಿಡಿದ.

ನನಗೆ ಹೊಟ್ಟೆ ತಣ್ಣಗಾಗಲಿಲ್ಲ. ಗಾಡಿಯನ್ನು ಮುಂದ್ಲಮನೆಯ ಬಾಗಿಲಿಗೇ ತಳ್ಳಿಕೊಂಡು ಹೋಗಿ, ಗಾಳಿ ನೋಡಿ ನಿಲ್ಲಿಸಿ, ಇದ್ದಬದ್ದ ಒದ್ದೆ ನಾರನ್ನೆಲ್ಲ ಸುರಿದು ಮುಚ್ಚಳ ತೆಗೆದೆ. ಹೊಗೆ ಪಡಸಾಲೆಗೆ ನುಗ್ಗಿತು. ಒಳಗೆ ಒಂದು ಗಂಡು ಕೆಮ್ಮು ಬಹಳ ಹೊತ್ತು ಕೇಳಿಸಿತು. ಆ ಕೆಮ್ಮಿನಷ್ಟು ಇಂಪಾದದ್ದು ನಾನು ಬೇರೆ ಕೇಳಿಲ್ಲ, ಇವತ್ತಿಗೂ ಹಾಗೇ ಹೇಳುತ್ತೇನೆ. ದೊಡ್ಡವ್ವ ಆಚೆ ಜಗಲಿಯಲ್ಲಿ ಕೂತು ಅಪ್ಪನ ಕೈಗೆ ಬೆಣ್ಣೆ ಹಚ್ಚುತ್ತಿದ್ದಳು. ನನಗೆ ಸಾಕು ಮಾಡು ಅನ್ನಲಿಲ್ಲ.

ಅವತ್ತು ಸಂಜೆ ಅವ್ವನ ಮಸಾಲೆಗೆ ಬಾಡು ಬಿತ್ತು. ಅಪ್ಪ ಸುಟ್ಟ ಕೈಯಲ್ಲಿ ಉಣ್ಣಲಾಗದೆ ಎಡಗೈಯಲ್ಲಿ ಚಮಚ ಹಿಡಿದು ಉಂಡ. ‘ಬಾಡು ಸಿಕ್ತು. ಅವ್ನು ಕೂಗ್ಲಿಲ್ಲ’ ಅಂದ.

ನಾನು ಬಿಟ್ಟೇನೇ? ಕುಣಿಗಲ್ ಸಂತೆಯಲ್ಲಿ ನಿಂತಿದ್ದ ಎತ್ತಿನ ಗಾಡಿಯ ಕೆಳಗೆ ಬಗ್ಗಿ ಚಕ್ರದಿಂದ ಚಕ್ರಕ್ಕೆ ದಾರ ಹಿಡಿದು ಅಳೆದೆ. ಗಾಡಿಯವನು ನಾನು ಅಚ್ಚು ಕದಿಯಲು ಬಂದೆನೆಂದು ಬಾರುಗೋಲು ಎತ್ತಿದ. ಅದೇ ಅಗಲಕ್ಕೆ ಹೊಸ ಅಚ್ಚು ಕಡೆದೆ. ಓಣಿಯಲ್ಲಿ ಹಿಡಿಸದಿದ್ದರೆ ಹೋಗಲಿ ಅಂತ ಗಾಡಿಯನ್ನು ಬೀದಿಯಲ್ಲೇ ಜೋಡಿಸುವಂತೆ ಮಾಡಿದೆ. ಮುಂದಿನ ಹೊಸತೊಡಕಿಗೆ ಇದ್ದಿಲು, ನಾರು, ಒಂದು ಸೀಸೆ ಹಾಲು ಎಲ್ಲ ಸಿದ್ಧವಾಗಿತ್ತು. ಅಪ್ಪ ಎದ್ದವನೇ ಬೋಸಿ ಕಂಕುಳಿಗಿಟ್ಟು ‘ಗಾಡಿ ಬ್ಯಾಡ. ನೀನೂ ಬ್ಯಾಡ’ ಅಂದು ಒಬ್ಬನೇ ಹೊರಟುಹೋದ. ಇಡೀ ದಿನ ನಾನು ಹಿತ್ತಲಲ್ಲಿ ಹಲ್ಲು ಕಡಿಯುತ್ತಾ ಕೂತೆ.

ಸಂಜೆ ಬಂದು ಬೋಸಿಯನ್ನು ಅವ್ವನ ಮುಂದಿಟ್ಟ. ಅವಳು ಟವೆಲ್ ಬಿಚ್ಚಿ ನೋಡಿದಳು. ತುಂಬಿತ್ತು.

‘ಕೂಗುದ್ರಾ?’

‘ಹೂಂ. ಅಣ್ಣಯ್ಯನೇ. ಮೊದ್ಲೇ ನಮ್ದೇ ಕೂಗ್ಬುಟ್ಟ.’ ನನ್ನ ಕಡೆ ನೋಡಿ, ‘ಬೆಳಗಿಂದ ಅಮೃತೂರು ದಾರಿನೇ ನೋಡ್ತಿದ್ನಂತೆ, ನಿನ್ ಹೊಗೆ ಎಲ್ಲಿ ಕಾಣ್ತದೋ ಅಂತ’ ಅಂದ.

ಖುಷಿಗೆ ನನ್ನ ಕೈಕಾಲು ನಿಲ್ಲಲಿಲ್ಲ. ಕೂಗುವಾಗ ಅವನ ಮುಖ ಹೇಗಿತ್ತು, ಬಾಡಿತ್ತಾ, ಕಪ್ಪಿಟ್ಟಿತ್ತಾ, ಎಲ್ಲ ಬಿಡಿಸಿ ಹೇಳು ಅಂತ ಅಪ್ಪನ ಮುಂದೆ ಕೂತೆ.

‘ಕಾಣ್ಲಿಲ್ಲ ಕಣ್ಲಾ. ಬೆನ್ನು ಹಾಕಿದ್ನಲ್ಲ.’

‘ಪಕ್ಕಕ್ಕೆ ಹೋಗಿ ನೋಡ್ಬೇಕಾಗಿತ್ತು.’

‘ಆಗ್ಲಿಲ್ಲ’ ಅಂದ ಅಪ್ಪ. ‘ಕೂಗ್ತಾನೋ ಇಲ್ವೋ ಅಂತ ನಾನೂ ಬೆನ್ನು ಹಾಕಿ ಆ ಕಡೆ ತಿರುಗಿ ನಿಂತ್ಕಂಡಿದ್ದೆ.’

ಅವ್ವ ಬೋಸಿ ಎತ್ತಿಕೊಂಡು ಒಳಗೆ ಹೋದಳು. ಅಪ್ಪ ಅಂಗಿಯ ತುದಿಯಿಂದ ಮುಖ ಒರೆಸಿಕೊಂಡ. ನನಗೆ ಮಾತ್ರ ತಡೆಯಲಾಗದ ಸಿಟ್ಟು ಬಂತು, ಆ ಮನುಷ್ಯ ನಮ್ಮಪ್ಪನನ್ನು ತನ್ನ ಊರಿನಲ್ಲೇ ಹಾಗೆ ತಿರುಗಿ ನಿಲ್ಲುವಂತೆ ಮಾಡಿದ್ದಕ್ಕೆ. ಗುಡ್ಡೆ ಬಂತು, ಕೂಗೂ ಬಂತು, ಆ ಸಿಟ್ಟು ಇನ್ನೂ ಹೋಗಿಲ್ಲ.